ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು

ಸಿಟ್ಟಿನ ಮನುಷ್ಯರಲ್ಲಿ ಎರಡು ಬಗೆ. ಕಚೇರಿಯಲ್ಲಿ ಕೈಕಟ್ಟಿ ನಿಂತು ಮನೆಗೆ ಬಂದು ತಾಟು ಒಗೆಯುವವರು ಒಂದು ಬಗೆ. ಮನೆಯಲ್ಲಿ ಬೈಸಿಕೊಂಡು ಬಂದು ಕಚೇರಿಯಲ್ಲಿ ಫೈಲು ಒಗೆಯುವವರು ಇನ್ನೊಂದು. ನಾನು ಎರಡೂ ಕಡೆ ಭೇದಭಾವವಿಲ್ಲದೆ ಸಿಟ್ಟಾಗುವವನು. ಇದನ್ನು ನಾನು ನ್ಯಾಯನಿಷ್ಠೆ ಎಂದು ತಿಳಿದಿದ್ದೆ, ನನ್ನ ಹೆಂಡತಿ ರಕ್ತದೊತ್ತಡ ಎಂದು ತಿಳಿದಿದ್ದಳು. ನನ್ನ ನೌಕರಿಯಲ್ಲೇ ಅತಿ ದೊಡ್ಡ ಸಿಟ್ಟು ಒಂದೂವರೆ ವರ್ಷ ನಡೆಯಿತು. ಮೊದಲು ಮನುಷ್ಯರ ಮೇಲಿತ್ತು, ಆಮೇಲೆ ಗಡಿಯಾರಗಳ ಮೇಲೆ ಹೋಯಿತು, ಕೊನೆಗೆ ಆಕಾಶದಲ್ಲಿ ತಮ್ಮ ಪಾಡಿಗೆ ತಾವು ಸುತ್ತುತ್ತಿದ್ದ ಉಪಗ್ರಹಗಳನ್ನೂ ಬಿಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬಸವನ ಬಾಗೇವಾಡಿ ಕಡೆಯ ಒಂದು ವಿದ್ಯುತ್ ಸಬ್‌ಸ್ಟೇಷನ್ನಿಗೆ ನಾನು ಎಂಜಿನಿಯರ್. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಇನ್ನು ಮೂರು ಸ್ಟೇಷನ್ನುಗಳು ನಮ್ಮ ಜೊತೆ ಒಂದೇ ಲೈನಿನಲ್ಲಿದ್ದವು. ಒಂದು ಮಧ್ಯಾಹ್ನ ಗಾಳಿಗೆ ತಂತಿ ಹರಿದು ಬಿತ್ತು. ಕಂಟ್ರೋಲ್ ರೂಮಿನವರು ನಾಲ್ಕೂ ಕಡೆಗೆ ಒಟ್ಟಿಗೇ ಫೋನಿನಲ್ಲಿ, "ಲೈನ್ ಬಂದ್ ಮಾಡ್ರಿ!" ಎಂದು ಕೂಗಿದರು. ನಾಲ್ಕೂ ಕಡೆ ಬಂದ್ ಮಾಡಿದರು. ಅಷ್ಟರಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟು ಕರಕಲಾಗಿತ್ತು. ವಿಚಾರಣೆಗೆ ನಾಲ್ಕೂ ಸ್ಟೇಷನ್ನಿನ ಲಾಗ್ ಪುಸ್ತಕ ತರಿಸಿದರು. ಮೂರರಲ್ಲಿ ಬಂದ್ ಮಾಡಿದ ವೇಳೆ ಮೂರು ಗಂಟೆ ಹತ್ತು ನಿಮಿಷ, ನಮ್ಮದರಲ್ಲಿ ಮೂರು ಹದಿನೈದು. ಆ ಐದು ನಿಮಿಷ ನಮ್ಮ ಆಪರೇಟರ್ ಶಿವಪ್ಪನವರು ನಿದ್ದೆ ಹೊಡೆಯುತ್ತಿದ್ದರು, ಟ್ರಾನ್ಸ್‌ಫಾರ್ಮರ್ ಸುಟ್ಟದ್ದು ಅದರಿಂದಲೇ ಎಂದು ಅಲ್ಲಿಯೇ ತೀರ್ಮಾನವಾಯಿತು. ಬಡ್ತಿ ಪಟ್ಟಿಯಲ್ಲಿ ಮೊದಲನೆಯದಾಗಿದ್ದ ಅವರ ಹೆಸರನ್ನು ಹೊಡೆದು ಹಾಕಿದರು.

ಶಿವಪ್ಪನವರು ನನಗಿಂತ ಹದಿನೈದು ವರ್ಷ ದೊಡ್ಡವರು. ಹಣೆ ತುಂಬ ವಿಭೂತಿ, ಮಾತು ಕಡಿಮೆ, ಕುಳಿತು ತೂಕಡಿಸಿದ್ದನ್ನು ಕಂಡವರಿಲ್ಲ. "ಫೋನ್ ಬಂದ ಕೂಡಲೇ ಸ್ವಿಚ್ಚಿಗೆ ಕೈ ಹಾಕೇನ್ರಿ ಸಾಹೇಬ್ರ. ಅವತ್ತ ನಾ ಇನ್ನಾ ಊಟಾನೂ ಮಾಡಿದ್ದಿಲ್ಲ. ನಿದ್ದಿ ಎಲ್ಲಿಂದ ಬರಬೇಕ್ರಿ?" ಎಂದರು. ನನಗೆ ಅಷ್ಟೇ ಸಾಕಾಗಿತ್ತು. ನೆತ್ತಿಗೇರಿತು. ವಿಚಾರಣೆಗೆ ಬಂದ ಮೇಲಧಿಕಾರಿಗಳ ಮುಂದೆ ಮೇಜು ಕುಟ್ಟಿದೆ. ಅವರು ಶಾಂತವಾಗಿ, "ಮೂರು ಗಡಿಯಾರ ಒಂದ ಮಾತ ಹೇಳ್ತಾವು, ನಿಮ್ಮದೊಂದ ಬ್ಯಾರೆ ಹೇಳತೈತಿ. ಇನ್ನೇನ್ ಬೇಕ್ರಿ?" ಎಂದರು. "ಮೂರ್ ಮಂದಿ ಕೂಡಿ ಸುಳ್ಳ ಹೇಳಿದ್ರ ಖರೇ ಆಗತೈತೇನ್ರೀ?" ಎಂದು ನಾನು ಗುಡುಗಿದೆ. ನನ್ನ ಕೈಗಡಿಯಾರ ಬಿಚ್ಚಿ ಅವರ ಮುಂದಿಟ್ಟು, ನಮ್ಮ ಗೋಡೆ ಗಡಿಯಾರಕ್ಕೂ ಇದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ, ಬೇಕಾದರೆ ನೋಡಿಕೊಳ್ಳಿ ಎಂದೆ. ಅವರು ನೋಡಲಿಲ್ಲ. ಚಹಾ ಕುಡಿದು ಹೋದರು.

ಅಂದಿನಿಂದ ನಾನು ಪತ್ರ ಬರೆಯತೊಡಗಿದೆ. ಉಪಗ್ರಹದಿಂದ ವೇಳೆ ಹಿಡಿಯುವ ಗಡಿಯಾರ ಬಂದಿದೆಯಂತೆ, ಅದನ್ನು ಹಾಕಿರಿ, ಯಾರ ಗಡಿಯಾರ ಸುಳ್ಳು ಹೇಳುತ್ತದೆಂದು ಊರಿಗೆಲ್ಲ ತಿಳಿಯಲಿ, ಶಿವಪ್ಪನವರ ಹೆಸರನ್ನು ಪಟ್ಟಿಗೆ ವಾಪಸು ಹಾಕಿರಿ. ಹತ್ತು ಪತ್ರಕ್ಕೆ ಒಂದು ಉತ್ತರ ಬಂತು: "ಮೊದಲು ನಿಮ್ಮಲ್ಲಿಯೇ ಒಂದು ಹಾಕಿಸಿ ನೋಡೋಣ. ಯಾವುದು ಬೇಕೆಂದು ನೀವೇ ಆರಿಸಿ ತಿಳಿಸುವುದು." ಆರಿಸುವುದೆಂದರೆ ಸಂತೆಯಲ್ಲಿ ನಿಂಬೆಹಣ್ಣು ಆರಿಸಿದಂತೆ ಎಂದುಕೊಂಡಿದ್ದೆ. ಕ್ಯಾಟಲಾಗುಗಳು ಬಂದವು. ಉಪಗ್ರಹದ ಸಂಕೇತವನ್ನು ಒಂದೇ ತರಂಗಾಂತರದಲ್ಲಿ ಹಿಡಿಯುವ ಒಂದು ಬ್ಯಾಂಡಿನ ರಿಸೀವರ್, ಎರಡರಲ್ಲಿ ಹಿಡಿಯುವ ಎರಡು ಬ್ಯಾಂಡಿನ ರಿಸೀವರ್, ಅಣಬೆಯಂಥ ಆಂಟೆನಾ, ತಟ್ಟೆಯಂಥ ಆಂಟೆನಾ. ಒಂದು ವಾರ ಓದಿದೆ. ಓದಿದಷ್ಟೂ ಸಿಟ್ಟು ಬಂತು, ಏಕೆಂದರೆ ಅರ್ಥವಾಗಲಿಲ್ಲ.

ಕಂಪನಿಯ ಪರವಾಗಿ ಪುಣೆಯಿಂದ ದೇಶಪಾಂಡೆ ಎಂಬ ಸಜ್ಜನರು ಬಂದರು. ವಿಜಾಪುರದ ಅಳಿಯನಂತೆ, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. "ನಿಮ್ಮ ಕೆಲಸಕ್ಕ ಒಂದ ಬ್ಯಾಂಡಿಂದ ಧಾರಾಳ ಸಾಕ್ರಿ" ಎಂದರು. "ಹಂಗಾರ ಎರಡು ಬ್ಯಾಂಡಿಂದು ಯಾಕ ಮಾಡೀರಿ?" ಎಂದೆ. ಉಪಗ್ರಹದ ಸಂಕೇತ ಮೇಲಿನ ವಾತಾವರಣ ದಾಟಿ ಬರುವಾಗ ತುಸು ತಡವಾಗುತ್ತದೆ. ಎರಡು ಬ್ಯಾಂಡಿನಲ್ಲಿ ಹಿಡಿದರೆ ಎರಡೂ ಎಷ್ಟೆಷ್ಟು ತಡವಾದವೆಂದು ಹೋಲಿಸಿ ಆ ತಡವನ್ನು ಕಳೆದು ಹಾಕಬಹುದು ಎಂದು ವಿವರಿಸಿದರು. ತಡ ಎಂಬ ಶಬ್ದ ಕೇಳಿದ್ದೇ ನನಗೆ ಮೈಯೆಲ್ಲ ಉರಿಯಿತು. ಶಿವಪ್ಪನವರ ಕುತ್ತಿಗೆಗೆ ಬಿದ್ದದ್ದೇ ಆ ಶಬ್ದ! "ಎಷ್ಟು ತಡಾ?" "ಸೆಕೆಂಡಿನ್ಯಾಗ ನೂರು ಕೋಟಿ ಪಾಲು ಮಾಡ್ರಿ. ಅದರಾಗ ಒಂದ ಹತ್ತಿಪ್ಪತ್ತ ಪಾಲು." "ಅದೂ ಬ್ಯಾಡ ನನಗ. ಎರಡು ಬ್ಯಾಂಡಿಂದ ಕೊಡ್ರಿ!" ದೇಶಪಾಂಡೆ, "ಅದನ್ನ ಪ್ರಯೋಗಶಾಲೆಯವರು ತಗೋತಾರ್ರಿ" ಎಂದು ಗೊಣಗಿದರು. ವ್ಯಾಪಾರಿಯೇ ಬೇಡವೆಂದರೂ ಬಿಡದ ಗಿರಾಕಿಯನ್ನು ಅವರು ಅಂದೇ ಕಂಡಿರಬೇಕು.

ಇನ್ನು ಆಂಟೆನಾ. ರಿಸೀವರ್ ಎರಡು ಬ್ಯಾಂಡಿನದಾದರೆ ಆಂಟೆನಾ ಕೂಡ ಎರಡನ್ನೂ ಹಿಡಿಯುವಂಥದಿರಬೇಕು. ನಮ್ಮ ಸ್ಟೋರಿನ ಗುಮಾಸ್ತರು ಕಡತದ ಮೇಲೆ, ಆಂಟೆನಾ ಸಾದಾ ಇದ್ದರೆ ಸಾಕು ಎಂದು ಬರೆದರು. ಕರೆಸಿ ಕೇಳಿದರೆ, "ಆಂಟೆನಾ ಅಂದ್ರ ಆಂಟೆನಾರಿ. ನಮ್ಮ ಮನ್ಯಾಗ ಬರೇ ಒಂದ ಕಡ್ಡಿ ನಿಲ್ಲಿಸೇವಿ, ಟಿವಿ ಏನ್ ಚೆಂದ ಬರತೈತಿ" ಎಂದರು. ಎರಡು ಕಿವಿ ಇರುವವನ ಒಂದು ಕಿವಿಗೆ ಅರಳೆ ತುರುಕಿದಂತಾಗುತ್ತದೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಹರಿದಿತ್ತು. ಮನೆಗೆ ಬಂದು ಉಪ್ಪುನೀರು ಕೇಳಿದೆ. ಹೆಂಡತಿ ಕಾಸಿ ಕೊಡುತ್ತ, "ಏಳಕ್ಕ ಬರ್ತೇನಿ ಅಂತ ಹೇಳಿ ಒಂಬತ್ತಕ್ಕ ಬರೋರಿಗೆ ಸೆಕೆಂಡಿನ ನೂರು ಕೋಟಿ ಪಾಲ ತಗೊಂಡ ಏನ್ ಮಾಡೂದೈತ್ರಿ?" ಎಂದಳು. ನಾನು ಉಪ್ಪುನೀರು ಗಳಗಳ ಮುಕ್ಕಳಿಸಿದೆ.

ದೇಶಪಾಂಡೆಯವರೇ ಬಂದು ಮಾಳಿಗೆಯ ಮೇಲೆ, ನೀರಿನ ಟಾಕಿಯಿಂದ ದೂರ, ಸುತ್ತ ಆಕಾಶ ಕಾಣುವಂತೆ ಬಿಳಿ ಅಣಬೆಯಂಥ ಆಂಟೆನಾ ನಿಲ್ಲಿಸಿ ಕೇಬಲ್ ಇಳಿಬಿಟ್ಟು ಹೋದರು. ರಿಸೀವರ್ ಲಾರಿಯಲ್ಲಿ ಹದಿನೈದು ದಿನ ಬಿಟ್ಟು ಬಂತು. ಶಿವಪ್ಪನವರ ಕೈಯಿಂದಲೇ ಊದುಬತ್ತಿ ಹಚ್ಚಿಸಿ, ಕಾಯಿ ಒಡೆಸಿ, ಸ್ವಿಚ್ ಒತ್ತಿಸಿದೆ. ಪರದೆಯ ಮೇಲೆ, ಸಿಕ್ಕ ಉಪಗ್ರಹ: ಸೊನ್ನೆ. ಒಂದು ತಾಸು ಕಾದೆವು. ಸೊನ್ನೆ. ಒಂದು ದಿನ ಕಾದೆವು. ಸೊನ್ನೆಯೇ. ಪುಣೆಗೆ ಫೋನು ಹಚ್ಚಿ, "ಎರಡು ಬ್ಯಾಂಡು ಅಂತ ಹೇಳಿ ಒಂದೂ ಬರಲಾರದ್ದು ಕೊಟ್ಟೀರಲ್ಲ, ನಾವೇನ್ ಹುಚ್ಚರೇನ್ರಿ?" ಎಂದು ಶುರು ಮಾಡಿದವನು ಅವರು ಬಸ್ಸು ಹತ್ತುತ್ತೇನೆ ಎನ್ನುವವರೆಗೆ ನಿಲ್ಲಿಸಲಿಲ್ಲ.

ಮರುದಿನ ಬಂದು ಮಾಳಿಗೆ ಹತ್ತಿದ ದೇಶಪಾಂಡೆ ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಹೋಗಿ ನೋಡಿದರೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬಿಳಿಯ ಆಂಟೆನಾ ಬೆಳ್ಳಿಯ ಗುಂಬಜದಂತೆ ಥಳಥಳ ಹೊಳೆಯುತ್ತಿತ್ತು. ನಮ್ಮಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಹೊರಗೆ ಅಲುಗಾಡದೆ ನಿಂತ ಸಾಮಾನಿಗೆಲ್ಲ ಅಲ್ಯೂಮಿನಿಯಂ ಬಣ್ಣ ಬಳಿಯುವುದು ರೂಢಿ. ಕಂಬ, ಗೇಟು, ಟಾಕಿಯ ಕಾಲು, ಯಾವುದನ್ನೂ ಬಿಡುವುದಿಲ್ಲ. ಹಿಂದಿನ ವಾರ ತಪಾಸಣೆಯಿತ್ತು. "ಇದಕ್ಕ ಲೋಹದ ಟೊಪಗಿ ಹಾಕಿಬಿಟ್ಟೀರಲ್ರೀ! ಇನ್ನ ಹತ್ತ ಬ್ಯಾಂಡ್ ಇದ್ರೂ ಒಳಗ ಏನೂ ಬರಂಗಿಲ್ಲ. ಯಾರ್ ಹಚ್ಚಿದ್ರು?" ಎಂದರು. ಬಣ್ಣದವನನ್ನು ಹಿಡಿದು ತರಲು ನಾನು ಕೂಗಾಡಿದೆ. ಅವನು ಬಂದು ಕೈಮುಗಿದು, "ಮಾಳಗಿ ಮ್ಯಾಲ ಏನ ಇರ್ಲಿ, ಹೊಳೀಬೇಕು ಅಂತ ನೀವ ಹೇಳಿದ್ರಿ ಸಾಹೇಬ್ರ. ಹಚ್ಚಿದ ಮ್ಯಾಲ ಶಾಬಾಸ್ ಅಂದ್ರಿ" ಎಂದ. ಅಂದಿದ್ದೆ. ನಾನು ವರ್ಷಕ್ಕೆ ಒಂದು ಸಲ ಶಾಬಾಸ್ ಎನ್ನುವವನು, ಆ ವರ್ಷದ್ದು ಅಲ್ಲಿ ಖರ್ಚಾಗಿತ್ತು.

ದೇಶಪಾಂಡೆ ತಮ್ಮ ಚೀಲದಲ್ಲಿದ್ದ ಇನ್ನೊಂದು ಆಂಟೆನಾ ಜೋಡಿಸಿದರು. ಕೆಳಗೆ ಬರುವಷ್ಟರಲ್ಲಿ ಪರದೆಯ ಮೇಲೆ ಏಳು ಉಪಗ್ರಹ, ಕೆಂಪು ಅಂಕಿಗಳಲ್ಲಿ ಖರೇ ವೇಳೆ. ನನ್ನ ಎದೆ ಉಬ್ಬಿತು. ಇನ್ನು ಇಂಡಿಯವರನ್ನೂ ಸಿಂದಗಿಯವರನ್ನೂ ವಿಚಾರಿಸಿಕೊಳ್ಳುತ್ತೇನೆ ಎಂದು ತಿರುಗಿದವನ ಕಣ್ಣು ಗೋಡೆಯ ಗಡಿಯಾರದ ಮೇಲೆ ಬಿತ್ತು. ಅದು ಐದು ನಿಮಿಷ ಮುಂದಿತ್ತು. ನನ್ನ ಕೈಗಡಿಯಾರ ನೋಡಿದೆ. ಅದೂ ಅಷ್ಟೇ ಮುಂದಿತ್ತು. ದಿನಾ ಬೆಳಿಗ್ಗೆ ಬಂದು ಅದನ್ನು ಈ ಗಡಿಯಾರಕ್ಕೇ ಹೊಂದಿಸಿಕೊಳ್ಳುತ್ತಿದ್ದೆ. ಹಾಗಾದರೆ ಶಿವಪ್ಪನವರು ಸ್ವಿಚ್ಚಿಗೆ ಕೈ ಹಾಕಿದ್ದು ಮೂರು ಹತ್ತಕ್ಕೇ! ನಿಯಮದಂತೆ ಗೋಡೆಯ ಗಡಿಯಾರದಲ್ಲಿ ಕಂಡದ್ದನ್ನು ಬರೆದದ್ದೇ ಅವರ ತಪ್ಪಾಗಿತ್ತು.

"ಈ ಗಡಿಯಾರ ಮುಂದ ಇಟ್ಟಾವ ಯಾವನು?" ಎಂದು ಕಿರುಚಿದೆ. ಶಿವಪ್ಪನವರು ಮೆಲ್ಲಗೆ, "ನೀವ ರೀ" ಎಂದರು. "ನೀವು ಚಾರ್ಜ್ ತಗೊಂಡ ವಾರದಾಗ. ಮಂದಿ ತಡಾ ಮಾಡಿ ಬರ್ತಾರ ಅಂತ ಸಿಟ್ಟಾಗಿ, ಸ್ಟೂಲ್ ಹತ್ತಿ, ನಿಮ್ಮ ಕೈಲೇನ ಮುಂದ ಮಾಡಿದ್ರಿ."

ನೆನಪಾಯಿತು. ಯಾವ ಸಿಟ್ಟಿನಲ್ಲಿ ಏನು ಮಾಡಿದೆನೆಂದು ಲೆಕ್ಕ ಇಡುವುದು ನನ್ನಂಥವನಿಗೆ ಕಷ್ಟ. "ಒಂದೂವರಿ ವರ್ಷ ಆತಲ್ರೀ, ಯಾಕ ಹೇಳಲಿಲ್ಲ?" ಎಂದೆ. ದನಿ ನನಗೇ ಕೇಳದಷ್ಟು ಸಣ್ಣಗಾಗಿತ್ತು.

"ಮೂರ ಸಲ ಹೇಳಾಕ ಬಂದಿದ್ನಿರಿ. ಮೂರೂ ಸಲ ನೀವು ನನ್ನ ಸಲುವಾಗಿನ ಯಾರಿಗೋ ಬೈಯಾಕತ್ತಿದ್ರಿ. ನಡುವ ಹೆಂಗ ಬಾಯಿ ಹಾಕಲಿ?"

ದೇಶಪಾಂಡೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಅಲ್ಲಿಯೇ ಕುಳಿತು ಮೇಲಧಿಕಾರಿಗಳಿಗೆ ಪತ್ರ ಬರೆದೆ. ಶಿವಪ್ಪನವರದು ತಪ್ಪಿಲ್ಲ, ಗಡಿಯಾರವನ್ನು ಮುಂದಿಟ್ಟವನು ನಾನೇ, ಅದು ಸುಮಾರು ಐದು ನಿಮಿಷ ಮುಂದಿತ್ತು, ಅವರ ಹೆಸರನ್ನು ಪಟ್ಟಿಗೆ ಸೇರಿಸಬೇಕು ಎಂದು ಬರೆದು, ಓದಿ ನೋಡಲು ಅವರ ಕೈಗೇ ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಕಾಗದವನ್ನು ನನ್ನ ಮುಂದಿಟ್ಟು, ಒಂದು ಶಬ್ದದ ಕೆಳಗೆ ಬೆರಳಿಟ್ಟರು.

"ಸುಮಾರು ಅಂತ ಬರೀಬ್ಯಾಡ್ರಿ ಸಾಹೇಬ್ರ. ನನ್ನ ಬಡ್ತಿ ಹೋದದ್ದ ಆ ಸುಮಾರಿನ್ಯಾಗ."

ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗೆ ಗಂಟಲು ಹರಿದುಕೊಂಡವನು, ನನ್ನ ತಪ್ಪಿನ ಸರದಿ ಬಂದಾಗ ಸುಮಾರು ಎಂದು ಬರೆದಿದ್ದೆ. ಶಬ್ದ ಹೊಡೆದು ಹಾಕಿದೆ. ಗೋಡೆಯದು, ಉಪಗ್ರಹದ್ದು, ಎರಡೂ ಗಡಿಯಾರಗಳ ಮುಂದೆ ನಿಂತು, ಐದು ನಿಮಿಷ ಇಪ್ಪತ್ತೊಂದು ಸೆಕೆಂಡು ಎಂದು ಎಣಿಸಿ ಬರೆದು, ಕೆಳಗೆ ಸಹಿ ಮಾಡಿದೆ.