ಮೂರು ತಿಂಗಳ ಶಟಲ್

ಜೂನ್ ಒಂಬತ್ತು, ಸೋಮವಾರ. ನಾಲ್ಕು ಹನಿ ಉದುರಿ ನಿಂತಿದ್ದವು. ಬೆಳಿಗ್ಗೆ ಏಳಕ್ಕೆಲ್ಲ ಬಿಸಿಲು, ಜೊತೆಗೆ ಸೆಕೆ.

ನಾನು ಶಹಾಪುರದಲ್ಲಿ ರಕ್ತ ಪರೀಕ್ಷೆಯ ಸಣ್ಣದೊಂದು ಲ್ಯಾಬ್ ಇಟ್ಟುಕೊಂಡಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬರುವ ಜನರ ಎದುರು ದಿನಾ ಬೆಳಿಗ್ಗೆ ಕೂರುವವನಿಗೆ ನಗೆಯ ಪ್ರಸಂಗಗಳಿಗೆ ಬರವಿಲ್ಲ. ಏನೂ ತಿಂದಿಲ್ಲ, ಬರೀ ಚಹಾ ಕುಡಿದೆ ಎನ್ನುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ಬಿಸ್ಕೀಟು ತಿಂದಿರಾ ಎಂದು ಕೇಳಿದರೆ, ಅದು ಚಹಾದಲ್ಲೇ ಕರಗಿಹೋಯಿತು, ತಿಂದ ಲೆಕ್ಕಕ್ಕೆ ಬರುವುದಿಲ್ಲ ಎನ್ನುತ್ತಾರೆ. ಇಂಥವು ಮೊದಲೂ ನಡೆಯುತ್ತಿದ್ದವು, ಈಗಲೂ ನಡೆಯುತ್ತವೆ. ಬದಲಾದದ್ದು ಬೆಂಚಿನ ಮೇಲೆ ಕೂರುವವರ ವಯಸ್ಸು. ಮೊದಲು ಅಜ್ಜನ ರಕ್ತ ಕೊಡಿಸಲು ಮೊಮ್ಮಗ ಕೈ ಹಿಡಿದು ಕರೆತರುತ್ತಿದ್ದ. ಈಗ ಮೊಮ್ಮಗನ ರಕ್ತ ಕೊಡಿಸಲು ಅಜ್ಜ ಕೈ ಹಿಡಿದು ಕರೆತರುತ್ತಾನೆ.

ಆ ಸೋಮವಾರ ಬಂದವಳು ಒಬ್ಬ ಹುಡುಗಿ. ಹೆಸರು ಹೇಳುವುದಿಲ್ಲ; ಹೆಸರು ಹೇಳುವ ಲ್ಯಾಬಿಗೆ ಜನ ಬರುವುದಿಲ್ಲ.

ಎಷ್ಟಕ್ಕೆ ಪಾಸು

ಅವಳ ಅಪ್ಪ ಬಟ್ಟೆ ಅಂಗಡಿಯವರು. ಊರೆಲ್ಲ ಅವರನ್ನು ಸಾವ್ಕಾರ್ರು ಎನ್ನುತ್ತದೆ. ಮಗಳು ಹತ್ತನೆಯ ತರಗತಿ. ದುಂಡು ಮುಖ, ನನ್ನ ಲ್ಯಾಬಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕುತ್ತಿಗೆಯ ಹಿಂದೆ ಒಂದು ಕಪ್ಪು ಪಟ್ಟಿ ಮೂಡಿತ್ತು. ಅದು ಕೊಳೆ ಎಂದುಕೊಂಡು ತಾಯಿ ಬೇಸಿಗೆಯಿಡೀ ಕಡಲೆಹಿಟ್ಟು ಹಚ್ಚಿ ತಿಕ್ಕಿದ್ದರು. ಚರ್ಮ ಕೆಂಪಾಯಿತು, ಪಟ್ಟಿ ಹೋಗಲಿಲ್ಲ. ಕೊನೆಗೆ ಡಾಕ್ಟರು ನೋಡಿ, ಇದು ತಿಕ್ಕಿದರೆ ಹೋಗುವಂಥದ್ದಲ್ಲ, ಸಕ್ಕರೆ ನೋಡಿಸಿ ಎಂದು ನನ್ನ ಕಡೆ ಕಳಿಸಿದ್ದರು.

ರಿಪೋರ್ಟು ಕೈಗೆ ಕೊಟ್ಟೆ. ಸಾವ್ಕಾರ್ರು ಚಾಳೀಸು ಏರಿಸಿಕೊಂಡು, ಮಾರ್ಕ್ಸ್ ಕಾರ್ಡು ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದರು. ಇದರಲ್ಲಿ ಎಷ್ಟಕ್ಕೆ ಪಾಸು ಎಂದು ಕೇಳಿದರು. ಇಲ್ಲಿ ಜಾಸ್ತಿ ಬಂದರೆ ಫೇಲು ಎಂದೆ. ಹುಡುಗಿಯ ಸಕ್ಕರೆ ಇನ್ನೂ ಗಡಿ ದಾಟಿಲ್ಲ, ಗಡಿಯ ಮೇಲೆ ನಿಂತಿದೆ ಎಂದೂ ಹೇಳಿದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಹಂಗಾದ್ರ ಒಂದೀಟು ಕಡಿಮಿ ಬರ್ದು ಬಿಡ್ರಲ್ಲ ಸರ. ಹುಡುಗಿ ಶಾಣ್ಯಾ ಅದಾಳ, ಮುಂದಿನ ಸಲ ತಾನೇ ಕಡಿಮಿ ತಕ್ಕೊಂತಾಳ."

ಅಭಿನಂದನೆ

ಡಾಕ್ಟರು ಈಗಲೇ ಗುಳಿಗೆ ಬೇಡವೆಂದರು. ದಿನಾ ಒಂದು ತಾಸು ಮೈ ಬೆವರುವಂಥ ಆಟ, ಅವಳಿಗೆ ಯಾವುದು ಇಷ್ಟವೋ ಅದು. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡೋಣ, ಇಳಿಯದಿದ್ದರೆ ಗುಳಿಗೆ. ಇದನ್ನು ಕೇಳಿ ಹುಡುಗಿ ನಕ್ಕಳಂತೆ. ಕಾರಣವಿತ್ತು. ಎಂಟನೆಯ ತರಗತಿಯಲ್ಲಿ ಹಟ ಮಾಡಿ ಕೊಡಿಸಿಕೊಂಡ ಶಟಲ್ ಬ್ಯಾಟು ಪ್ಲಾಸ್ಟಿಕ್ ಕೂಡ ಬಿಚ್ಚದೆ ಅಲ್ಮಾರಿಯ ಮೇಲೆ ಕೂತಿತ್ತು. ಕೇಳಿದಾಗಲೆಲ್ಲ ಮೆಟ್ರಿಕ್ ಮುಗಿಯಲಿ ಎಂಬ ಉತ್ತರ ಬರುತ್ತಿತ್ತು. ಮನೆಯಲ್ಲಿ ಅಪ್ಪನ ಮಾತಿಗಿಂತ ದೊಡ್ಡದು ಡಾಕ್ಟರ ಮಾತೊಂದೇ. ಬ್ಯಾಟು ಕೆಳಗಿಳಿಯಿತು.

ಸಾವ್ಕಾರ್ರ ಚಿಂತೆ ಬೇರೆ. ಟ್ಯೂಷನ್ ಹೊತ್ತಿನಲ್ಲಿ ಮಗಳು ಕಾಲೇಜು ಮೈದಾನದಲ್ಲಿದ್ದರೆ ಊರು ಯಾಕೆ ಎಂದು ಕೇಳುತ್ತದೆ. ಶುಗರ್ ಎಂದು ಬಾಯಿ ಬಿಟ್ಟರೆ ಅದು ನಾಳೆ ವರನ ಮನೆಯವರ ಕಿವಿಗೂ ಹೋಗುತ್ತದೆ. ಅದಕ್ಕೆ ಅವರು, ಮಗಳು ತಾಲೂಕು ಟೀಮಿಗೆ ಸೆಲೆಕ್ಟ್ ಆಗಿದ್ದಾಳೆ ಎಂದು ಅಂಗಡಿಯಲ್ಲಿ ಕೂತೇ ಸುದ್ದಿ ಹಬ್ಬಿಸಿದರು.

ಸುದ್ದಿ ಅವರ ಅಂದಾಜಿಗಿಂತ ಚೆನ್ನಾಗಿ ಹಬ್ಬಿತು. ಭಾನುವಾರ ಓಣಿಯ ಹಿರಿಯರು ಶಾಲು, ಹಾರ, ಎರಡು ಡಬ್ಬಿ ಪೇಡಾ ಹಿಡಿದು ಮನೆಗೆ ಬಂದರು. ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಕೈಯಾರೆ ಬಾಯಿಗೆ ಪೇಡಾ ಇಟ್ಟರು. ಸಾವ್ಕಾರ್ರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೇಡ ಎನ್ನಲು ಬಾಯಿಲ್ಲ. ಮರುದಿನ ನಾನು ಲ್ಯಾಬಿನ ಬಾಗಿಲು ತೆಗೆಯುವುದಕ್ಕೂ ಮೊದಲೇ ಬಂದು ನಿಂತಿದ್ದರು.

"ಸನ್ಮಾನಕ್ಕ ಕೊಟ್ಟ ಪೇಡಾ ಸಕ್ಕರಿ ಏರಸ್ತದೇನ್ರಿ ಸರ?"

ಜಪ

ಹುಡುಗಿಗೆ ಆಡಲು ಜೊತೆಯಾದವಳು ಪಕ್ಕದ ಓಣಿಯ ದರ್ಜಿಯ ಮಗಳು. ಮನೆಯಲ್ಲಿ ದಖನಿ ಉರ್ದು ಮಾತಾಡುವ, ಗಾಳಿಯಂತೆ ಓಡುವ ಹುಡುಗಿ. ಇಬ್ಬರಿಗೂ ಕಾವಲಾಗಿ ಸಾವ್ಕಾರ್ರ ಹೆಂಡತಿ ಹೋಗುತ್ತಿದ್ದರು. ಮೈದಾನದ ಕಟ್ಟೆಯ ಮೇಲೆ ಸೆರಗು ಹೊದ್ದು ಕೂರುವುದು, ಆಟ ಮುಗಿದ ಮೇಲೆ ಕರೆದುಕೊಂಡು ಬರುವುದು, ಇಷ್ಟೇ ಅವರ ಕೆಲಸ.

ಒಂದು ವಾರ ದರ್ಜಿಯ ಮಗಳು ಮದುವೆಗೆಂದು ಗೋಗಿ ಎಂಬ ಊರಿಗೆ ಹೋದಳು. ಮಗಳು ಒಬ್ಬಳೇ ನಿಂತು ಶಟಲ್ ಕಾಕನ್ನು ಮೇಲೆ ಹೊಡೆದು ತಾನೇ ಹಿಡಿಯುವುದನ್ನು ನೋಡಲಾರದೆ ತಾಯಿ ಸೆರಗು ಸಿಕ್ಕಿಸಿ, ದರ್ಜಿಯ ಮಗಳು ಬಿಟ್ಟುಹೋದ ಬ್ಯಾಟು ಹಿಡಿದು ಎದ್ದರು. ವಾರ ಮುಗಿದು ದರ್ಜಿಯ ಮಗಳು ವಾಪಸು ಬಂದು, ಖಾಲಾ, ನನ್ನ ಬ್ಯಾಟು ಕೊಡ್ರಿ ಎಂದರೆ, ತಡಿ ತಂಗಿ, ಇದೊಂದು ಗೇಮ್ ಮುಗೀಲಿ ಎಂದರಂತೆ. ಆ ಗೇಮ್ ಕತ್ತಲಾಗುವ ತನಕ ಮುಗಿಯಲಿಲ್ಲ. ಸಂಜೆಯ ವಾಕಿಂಗಿನಲ್ಲಿ ನಾನೂ ಎರಡು ಸಲ ನೋಡಿದ್ದೇನೆ. ಇಷ್ಟು ಜೋರಾಗಿ ನಗುವ ಹೆಂಗಸು ಇವರು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗಂಡನಿಗೆ ಹೇಳಿರಲಿಲ್ಲ. ಒಂದು ತಾಸು ಕಟ್ಟೆಯ ಮೇಲೆ ಏನು ಮಾಡುತ್ತೀ ಎಂದು ಅವರು ಕೇಳಿದಾಗ, ಸುಮ್ಮನೆ ಯಾಕೆ ಕೂರಲಿ, ಜಪ ಮಾಡುತ್ತೇನೆ ಎಂದಿದ್ದರು. ಬಿ.ಪಿ. ನೋಡಿಸಲು ಬಂದ ಸಾವ್ಕಾರ್ರು ನನ್ನ ಮುಂದೆ ಚಿಂತೆಯಿಂದ ಹೇಳಿದರು:

"ನಮ್ಮಾಕಿದು ಜಪಾ ಭಾಳ ಕಡಕ್ ನಡದದ ಸರ. ಮನಿಗಿ ಬರೂ ಹೊತ್ತಿಗೆ ಕುಬಸಾ ತೊಯ್ದಿರ್ತದ."

ಹಿಂದಿನ ದಿನದ ಓದು

ಇದೇ ದಿನಗಳಲ್ಲಿ ಸುರಪುರದಿಂದ ಒಬ್ಬ ಮಾಸ್ತರರು ಮಗನನ್ನು ಕರೆತಂದರು. ಹುಡುಗನಿಗೆ ಹದಿನಾರು. ಅವನಿಗೂ ಡಾಕ್ಟರು ಮೂರು ತಿಂಗಳ ಹಿಂದೆ ಆಟವನ್ನೇ ಹೇಳಿದ್ದರು. ಅವನಿಗೂ ಆಡುವ ಆಸೆಯಿತ್ತು, ವಾಲಿಬಾಲು. ಆದರೆ ಅಪ್ಪನಿಗೆ ಕಾಲುಗಂಟೆ ಪುರಸೊತ್ತಾದರೂ ಅದು ಗಣಿತಕ್ಕೆ ಹೋಗಬೇಕು. ರಕ್ತ ಪರೀಕ್ಷೆಯ ತಾರೀಖು ಹತ್ತಿರ ಬಂದಾಗ ಅವರಿಗೆ ನೆನಪಾಗಿ, ಹಿಂದಿನ ದಿನ ಬೆಳಗಿನಿಂದ ಸಂಜೆಯ ತನಕ ಮಗನನ್ನು ಮೈದಾನದಲ್ಲಿ ಓಡಿಸಿದ್ದರು. ನಡುನಡುವೆ ಬೈಠಕ್ಕು ಹೊಡೆಸಿದ್ದರು.

ಹುಡುಗ ಲ್ಯಾಬಿನ ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತುಬಿಟ್ಟ. ನಾನೇ ಸೂಜಿ ಸಿರಿಂಜು ಹಿಡಿದು ಇಳಿದು ಹೋದೆ. ದಿನದಿನ ಸ್ವಲ್ಪ ಸ್ವಲ್ಪ ಆಡಿದರೆ ಮಾತ್ರ ಮೈಗೆ ಹತ್ತುತ್ತದೆ, ಒಂದೇ ದಿನ ಹೀಗೆ ಮಾಡಿದರೆ ಪ್ರಯೋಜನವಿಲ್ಲ ಎಂದು ಮಾಸ್ತರರಿಗೆ ತಿಳಿಹೇಳಲು ನೋಡಿದೆ. ಅವರು ಒಪ್ಪಲಿಲ್ಲ.

"ನನ್ನ ಸರ್ವಿಸಿನ್ಯಾಗ ಎಲ್ಲಾ ಹುಡುಗ್ರೂ ಹಿಂದಿನ ದಿನಾನೇ ಓದಿ ಪಾಸಾಗ್ಯಾರ ಬಿಡ್ರಿ" ಎಂದರು.

ಹುಡುಗ ಫೇಲಾದ. ಗುಳಿಗೆ ಶುರುವಾಯಿತು. ದಿನಾ ಎರಡು ಹೊತ್ತು ತಪ್ಪದೆ ನುಂಗುತ್ತಾನೆ. ಅದಕ್ಕೆ ಗಣಿತದ ಹೊತ್ತು ಬೇಕಾಗುವುದಿಲ್ಲ.

ಜಿಲೇಬಿ

ಸೆಪ್ಟೆಂಬರಿನಲ್ಲಿ ಸಾವ್ಕಾರ್ರ ಮಗಳು ತಾಯಿಯ ಜೊತೆ ಬಂದಳು. ಮೆಟ್ಟಿಲನ್ನು ಒಂದು ಬಿಟ್ಟು ಒಂದು ಹಾರಿ ಬಂದಳು. ಕುತ್ತಿಗೆಯ ಪಟ್ಟಿ ಮಾಸಿತ್ತು. ರಕ್ತ ನೋಡದೆಯೇ ಹೇಳಬಹುದಿತ್ತು, ಆದರೂ ನೋಡಿದೆ. ಸಕ್ಕರೆ ಜೂನಿನಲ್ಲಿದ್ದದ್ದಕ್ಕಿಂತ ಮೇಲಿತ್ತು.

ಯಂತ್ರ ಕೆಟ್ಟಿತೇ ಎಂದು ಇನ್ನೊಮ್ಮೆ ಹಾಕಿದೆ. ಅದೇ ಬಂತು. ತಾಯಿ ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದರು. ಹುಡುಗಿ ಬೆಂಚಿನ ತುದಿಗೆ ಸರಿದು ಮೆಲ್ಲಗೆ ಕೇಳಿದಳು.

"ಏರ್ಯಾದೇನ್ರಿ ಕಾಕಾ?"

ಇಷ್ಟು ವರ್ಷದಲ್ಲಿ ಇಳಿದಿದೆಯೇ ಎಂದು ಕೇಳಿದವರನ್ನಷ್ಟೇ ಕಂಡಿದ್ದೇನೆ. ಅವಳ ಬೆರಳು ನೋಡಿದೆ. ತುದಿಯಲ್ಲಿ ಕೇಸರಿ ಬಣ್ಣ, ಮುಟ್ಟಿದರೆ ಅಂಟು. ಕೇಳಿದ್ದಕ್ಕೆ ಮುಚ್ಚಿಡಲಿಲ್ಲ. ತಾಯಿ ಸ್ನಾನಕ್ಕೆ ಹೋದಾಗ ಬಚ್ಚಿಟ್ಟಿದ್ದ ಜಿಲೇಬಿಯನ್ನೆಲ್ಲ ತಿಂದು ಬಂದಿದ್ದಳು. ರಿಪೋರ್ಟು ಚೆನ್ನಾಗಿ ಬಂದರೆ ಇನ್ನು ಆಟ ಸಾಕು, ಬ್ಯಾಟು ಮೇಲಿಡು ಎಂದು ಅಪ್ಪ ಮೊದಲೇ ಹೇಳಿದ್ದರಂತೆ. ಅದಕ್ಕೆ ರಿಪೋರ್ಟು ಕೆಡಿಸಲು ನೋಡಿದ್ದಳು.

ಇದು ಇವತ್ತಿನ ಸಕ್ಕರೆ ಅಷ್ಟೆ ಎಂದೆ. ಇನ್ನೊಂದು ಸೀಸೆಯಲ್ಲೂ ರಕ್ತ ತೆಗೆದಿದ್ದೇನೆ, ಅದು ಮೂರು ತಿಂಗಳ ಸರಾಸರಿ ಹೇಳುತ್ತದೆ, ಬೆಳಗಿನ ಜಿಲೇಬಿಗೆ ಅದು ಮೋಸ ಹೋಗುವುದಿಲ್ಲ ಎಂದೆ. ಅವಳ ಮುಖ ಇಳಿಯಿತು.

"ಅದನ್ನ ಏರಸಾಕ ಏನ್ ತಿನಬೇಕಿತ್ರಿ ಕಾಕಾ?"

"ಮೂರು ತಿಂಗಳು ಕೂತು ತಿನ್ನಬೇಕಿತ್ತು."

"ಕೂಡಾಕ ಟೈಮ್ ಎಲ್ಲಿತ್ರಿ" ಎಂದಳು. "ದಿನಾ ಆಡಾಕತ್ತಿದ್ದೆ."

ಚಾಲು-ಬಂದ್

ಎರಡನೆಯ ಸೀಸೆ ಒಳ್ಳೆಯ ಸುದ್ದಿಯನ್ನೇ ಹೇಳಿತು. ಮರುದಿನ ಖಾಲಿ ಹೊಟ್ಟೆಯಲ್ಲಿ ನೋಡಿದ ಸಕ್ಕರೆಯೂ ಸರಿಯಿತ್ತು. ಇದ್ದದ್ದನ್ನು ಬರೆದುಕೊಡುವುದು ನನ್ನ ಕೆಲಸ, ಬರೆದುಕೊಟ್ಟೆ. ಇಷ್ಟು ಬೇಸರದಿಂದ ನಾರ್ಮಲ್ ಎಂದು ಬರೆದದ್ದು ನೆನಪಿಲ್ಲ.

ಸಾವ್ಕಾರ್ರು ರಿಪೋರ್ಟನ್ನು ಕಣ್ಣಿಗೆ ಒತ್ತಿಕೊಂಡರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಮೂರು ತಿಂಗಳು ಮಗಳ ಬಗ್ಗೆ ಎಷ್ಟು ಹೆದರಿದ್ದರು ಎನ್ನುವುದು ನನಗೆ ಆಗ ತಿಳಿಯಿತು. ನಾನು ಮಾತು ಕಡಿಮೆಯವನು. ಆದರೂ ಅವತ್ತು ಹೇಳಿದೆ, ಆಟ ನಿಲ್ಲಿಸಬೇಡಿ ಎಂದೆ. ರೋಗ ಹೋದ ಮೇಲೆ ಔಷಧ ಯಾರು ತೆಗೆದುಕೊಳ್ಳುತ್ತಾರೆ ಎಂದರು. ಅವರಿಗೆ ಕಾಲುವೆಯ ಕೆಳಗೆ ನಾಲ್ಕು ಎಕರೆ ಗದ್ದೆಯಿದೆ. ಅದನ್ನೇ ಹಿಡಿದೆ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಂತು, ಪೈರು ಹಸಿರಾಯಿತು. ಹಸಿರಾಯಿತಲ್ಲ ಎಂದು ಯಾರಾದರೂ ನೀರು ನಿಲ್ಲಿಸುತ್ತಾರೆಯೇ ಎಂದು ಕೇಳಿದೆ. ಮಾತು ನಾಟಿತು ಎಂದುಕೊಂಡೆ. ಸಾವ್ಕಾರ್ರು ರಿಪೋರ್ಟನ್ನು ಮಡಿಸಿ ಜೇಬಿಗಿಟ್ಟರು.

"ನಿಲ್ಲಸ್ತಾರಲ್ರಿ ಸರ. ಕಾಲುವಿಗಿ ಪಾಳಿ ಪ್ರಕಾರ ಚಾಲು-ಬಂದ್ ಇರ್ತದ. ಇದೂ ಹಂಗೇ, ಮೆಟ್ರಿಕ್ ಮುಗಿಯೂ ತನಕಾ ಬಂದ್."

ಪುಸ್ತಕ ಓದಿದವರು ಗದ್ದೆಯ ಉದಾಹರಣೆ ಕೊಡಬಾರದು.

ಬನ್ನಿ

ದಸರೆಯಲ್ಲಿ ಬನ್ನಿ ಕೊಡಲು ಸಾವ್ಕಾರ್ರು ಲ್ಯಾಬಿಗೆ ಬಂದರು. ಬನ್ನಿ ತಗೊಂಡು ಬಂಗಾರದಂಗ ಇರೂಣ ಎಂದು ಕೈಗೆ ಎಲೆ ಇಟ್ಟರು. ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

ಬ್ಯಾಟು ಮೇಲಿಟ್ಟ ದಿನದಿಂದ ಮಗಳು ಮಾತು ಬಿಟ್ಟಿದ್ದಳಂತೆ. ಊಟ ಬಿಟ್ಟಿದ್ದರೆ ಬೈದು ಉಣಿಸಬಹುದಿತ್ತು. ಊಟ ಮಾಡುತ್ತಾಳೆ, ಓದುತ್ತಾಳೆ, ಕರೆದರೆ ಬಂದು ನಿಲ್ಲುತ್ತಾಳೆ, ಮಾತಿಲ್ಲ. ತಾಯಿಯೂ ಮಗಳ ಪಕ್ಷ. ಜಪವನ್ನು ಮನೆಯಲ್ಲೇ ಮಾಡಬಹುದಲ್ಲ ಎಂದು ಇವರು ಹೇಳಿದರೆ, ಅದು ಮನೆಯಲ್ಲಿ ಆಗುವ ಜಪವಲ್ಲ ಎಂದು ಅವರು ಒಳಗೆ ಎದ್ದು ಹೋದರಂತೆ. ಸಾವ್ಕಾರ್ರು ಅಂಗಡಿಯ ಅತಿ ಒಳ್ಳೆಯ ಡ್ರೆಸ್ಸು ತಂದುಕೊಟ್ಟರು. ಹುಡುಗಿ ಮಡಿಸಿಟ್ಟಳು. ಯಾದಗಿರಿಗೆ ಕರೆದುಕೊಂಡು ಹೋಗಿ ಬಂಗಾರದ ಕಿವಿಯೋಲೆ ತೋರಿಸಿದರು. ಅವಳು ಅಂಗಡಿಯ ಗೋಡೆ ನೋಡುತ್ತ ನಿಂತಳು. ನಿನಗೆ ಏನು ಬೇಕು ಹೇಳು ಎಂದರೆ ಒಂದೇ ಮಾತು, ಸಂಜೆ ಒಂದು ತಾಸು ಬೇಕು ಎಂದಳು. ಅದೊಂದು ಬಿಟ್ಟು ಏನು ಬೇಕಾದರೂ ಕೇಳು ಎಂದು ಇವರೆಂದರು.

"ಮಗಳು ಹಂಗ ಕುಂತ್ರ ಅಪ್ಪನ ಜೀವ ತಡೀತದೇನ್ರಿ? ಕಡೀಗಿ ನಾನೇ ಒಂದು ವಸ್ತು ಕೊಟ್ಟು ಒಪ್ಪಿಸ್ದೆ."

"ಒಪ್ಪಿದಳೇ?"

"ಏನೂ ಅನ್ನಲಿಲ್ಲ. ಕೇಳೂದು ಬಿಟ್ಲು. ಒಪ್ಪಿದಂಗೇ ಅಲ್ಲೇನ್ರಿ ಅದು?"

ಏನು ಕೊಟ್ಟಿರಿ ಎಂದೆ. ಅವರು ಎದ್ದು ನನ್ನ ಕೈ ಹಿಡಿದು ಬಾಗಿಲ ತನಕ ಕರೆದುಕೊಂಡು ಹೋದರು. ಕೆಳಗೆ ರಸ್ತೆಯ ಬದಿಗೆ, ಚೆಂಡುಹೂವಿನ ಹಾರ ಹಾಕಿದ ಹೊಚ್ಚ ಹೊಸ ಬ್ಯಾಟರಿ ಸ್ಕೂಟಿಯೊಂದು ನಿಂತಿತ್ತು. ಅದರ ಮೇಲೆ ಹುಡುಗಿ ಕೂತಿದ್ದಳು. ಎರಡೂ ಕಾಲು ನೆಲದ ಮೇಲೆ, ಎರಡೂ ಕೈ ಹ್ಯಾಂಡಲಿನ ಮೇಲೆ. ನಾನು ಕೈಯೆತ್ತಿದೆ. ಅವಳು ನನ್ನನ್ನು ನೋಡಿದಳು, ಕೈ ಹ್ಯಾಂಡಲಿನಿಂದ ಎತ್ತಲಿಲ್ಲ.

ಸಾವ್ಕಾರ್ರು ಪ್ರೀತಿಯಿಂದ ಕೆಳಗೆ ನೋಡುತ್ತ ಹೇಳಿದರು:

"ಟ್ಯೂಷನ್ನಿಗಿ ಪಾಪ ನಡಕೊಂತ ಹೋಗತಿದ್ಲು ಸರ. ಈಗ ಆರಾಮ ಆಗ್ಯಾಳಲ್ರಿ, ಇನ್ನ ಆಕಿಗಿ ಒಂದ್ ಹೆಜ್ಜಿನೂ ನಡಿಯೂ ಗರಜಿಲ್ಲ."