ಆರಡಿ ಮೂರಿಂಚು ಮತ್ತು ಮೇಲ್ಪಟ್ಟು: ಸೈಕಲ್ಲಿನ ಅಳತೆಪಟ್ಟಿಗೆ ಶೇಡಬಾಳದಿಂದ ಒಂದು ಅರಿಕೆ

ಮಾನ್ಯ ಅಳತೆಪಟ್ಟಿಯವರೇ,

ಕಾಗವಾಡ ತಾಲೂಕಿನ ಶೇಡಬಾಳದಿಂದ ಹೈಸ್ಕೂಲ್ ಗಣಿತ ಮಾಸ್ತರ ಅಭಿನಂದನ ಮಗದುಮ್ ಮಾಡುವ ಸಾದರ ಪ್ರಣಾಮಗಳು. ಸೈಕಲ್ ಕಂಪನಿಯ ವೆಬ್‌ಸೈಟಿನಲ್ಲಿ ತಾವು ಸಪರಿವಾರ, ಅಂದರೆ ಎಸ್, ಎಂ, ಎಲ್, ಎಕ್ಸೆಲ್ ಎಂಬ ನಾಲ್ಕು ಸಾಲುಗಳ ಸಮೇತ ಕ್ಷೇಮವಾಗಿರುವುದನ್ನು ನಿನ್ನೆಯೂ ನೋಡಿ ಸಂತೋಷಪಟ್ಟೆ. ಇತ್ತ ನನ್ನ ಎರಡು ಮೊಣಕಾಲುಗಳನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ.

ನನ್ನ ಎತ್ತರ ಆರು ಅಡಿ ಏಳು ಇಂಚು. ಬಸದಿಯ ಗಂಟೆಗೆ ಎಣ್ಣೆ ಬಿಡಬೇಕಾದಾಗ ಊರವರು ಏಣಿಗಿಂತ ಮೊದಲು ನನ್ನನ್ನು ಹುಡುಕುತ್ತಾರೆ. ಚಿಕ್ಕೋಡಿ ಬಸ್ಸಿನಲ್ಲಿ ನಾನು ಕುತ್ತಿಗೆ ಬಾಗಿಸಿ ನಿಂತಿರುವುದನ್ನು ಕಂಡು ಹೊಸ ಕಂಡಕ್ಟರುಗಳು ನನ್ನ ವಿನಯವನ್ನು ಮೆಚ್ಚಿದ್ದುಂಟು. ತಮ್ಮ ಕೊನೆಯ ಸಾಲಿನಲ್ಲಿ ‘ಆರಡಿ ಮೂರಿಂಚು ಮತ್ತು ಮೇಲ್ಪಟ್ಟು: ಎಕ್ಸೆಲ್’ ಎಂದು ಬರೆದಿದೆಯಷ್ಟೆ, ಆ ‘ಮತ್ತು ಮೇಲ್ಪಟ್ಟು’ವಿನ ಕಾಯಂ ನಿವಾಸಿ ನಾನು. ಎರಡೇ ಪದಗಳಲ್ಲಿ ಆಕಾಶದವರೆಗಿನ ಪ್ರಜೆಗಳನ್ನೆಲ್ಲ ಒಂದೇ ಫ್ರೇಮಿನ ಮೇಲೆ ಕೂರಿಸಿದ ತಮ್ಮ ಔದಾರ್ಯವನ್ನು ನಾನು ಗಣಿತದಲ್ಲಿ ಎಲ್ಲಿಯೂ ಕಂಡಿಲ್ಲ.

ವಿಷಯ ಏನೆಂದರೆ, ಹೋದ ಚಾತುರ್ಮಾಸದಲ್ಲಿ ನನ್ನ ಹೆಂಡತಿ ತ್ರಿಶಲಾ ಮುನಿ ಮಹಾರಾಜರ ಮುಂದೆ ಒಂದು ನೇಮ ಹಿಡಿದಳು: ನಾವಿಬ್ಬರೂ ಜೊತೆಯಾಗಿ ಸೈಕಲ್ ತುಳಿದು ಶ್ರವಣಬೆಳಗೊಳದ ದರ್ಶನ ಮಾಡುವವರೆಗೆ ಆಕೆ ಸಿಹಿ ಮುಟ್ಟುವುದಿಲ್ಲ. ಐದುನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಎರಡು ತಿಂಗಳಲ್ಲಿ ಮುಗಿದೀತು ಅಂದುಕೊಂಡಿದ್ದ ನೇಮಕ್ಕೆ ಈಗ ಹನ್ನೊಂದನೇ ತಿಂಗಳು ನಡೆದಿದೆ. ಎತ್ತ ತಿರುಗಿದರೂ ಕಬ್ಬೇ ಇರುವ, ಬೆಲ್ಲ ಕಾಯಿಸುವ ವಾಸನೆ ಅಡುಗೆಮನೆಗೇ ಬರುವ ನಮ್ಮ ಸೀಮೆಯಲ್ಲಿ ಆಕೆ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾಳೆ, ಹಬ್ಬಕ್ಕೆ ಹೋಳಿಗೆ ಮಾಡಿ ನಮಗೆ ಬಡಿಸಿ ತಾನು ಅನ್ನ ಸಾರು ಉಣ್ಣುತ್ತಾಳೆ. ಐದಡಿಯ ಆಕೆಗೆ ತಮ್ಮ ಎಸ್ ಸಾಲು ಹೇಳಿ ಹೊಲಿಸಿದಂತೆ ಸರಿಹೋಗಿದೆ. ಆಕೆಯ ಸೈಕಲ್ ಪಡಸಾಲೆಯಲ್ಲಿ ನಿಂತು ನನ್ನದಕ್ಕಾಗಿ ಕಾಯುತ್ತಿದೆ.

ತಮ್ಮ ಸೂಚನೆಗಳನ್ನು ನಾವು ಪಾಲಿಸಲಿಲ್ಲವೆಂದು ತಾವು ತಿಳಿಯಬಾರದು. ಬರಿಗಾಲಲ್ಲಿ ಗೋಡೆಗೆ ಆತು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೊತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕೆಂದು ತಾವು ಅಪ್ಪಣೆ ಕೊಡಿಸಿದ್ದೀರಿ. ನಮ್ಮ ಮನೆಯಲ್ಲಿ ದಪ್ಪ ರಟ್ಟಿನ ಪುಸ್ತಕವೆಂದರೆ ವಸ್ತ್ರದಲ್ಲಿ ಸುತ್ತಿಟ್ಟ ಶಾಸ್ತ್ರಗ್ರಂಥಗಳು ಮಾತ್ರ. ನನ್ನ ತಾಯಿ ಜಿನಮತಿ ಇದನ್ನು ಕೇಳಿ, “ಶಾಸ್ತ್ರ ತೊಡಿಯಾಗ ಸಿಗಸ್ತಿಯೇನಲೇ? ನಿನ್ನ ಸೈಕಲ್ ಹಾಳಾಗಿ ಹೋಗ್ಲಿ!” ಎಂದರು. ಉಳಿದದ್ದು ನಮ್ಮ ಲಗ್ನದ ಆಲ್ಬಮ್. ಅದಕ್ಕೆ ತ್ರಿಶಲಾ, “ಅದೊಂದರ ಬಿಡ್ರಿ, ನಮ್ಮ ಲಗ್ನಾನೂ ಅಲ್ಲೇ ಸಿಗಸಬ್ಯಾಡ್ರಿ” ಎಂದಳು. ಕಡೆಗೆ ಊಟದ ಮಣೆಯನ್ನೇ ಹಿಡಿದು ನಿಂತೆ. ಟೇಪು ಹಿಡಿದವರು ನಲವತ್ತು ವರ್ಷ ಕಬ್ಬು ಬೆಳೆದ ನನ್ನ ಕಾಕಾ ಆಬಾಸಾಹೇಬ. ಅವರು ಅಳತೆ ಓದಿ, ಎರಡಿಂಚು ಕಳೆದು ಬರೆಸಿದರು. ಅದು ನನಗೆ ತಿಳಿದು, ಯಾಕೆಂದು ಕೇಳಿದ್ದು ತಿಂಗಳ ನಂತರ. “ತುದೀದು ಎಲಿ-ಸೋಗಿ ಕಡದ ಲೆಕ್ಕಾ ಹಿಡೀಬೇಕಪಾ, ಕಬ್ಬರ ಆಗ್ಲಿ ಕಾಲರ ಆಗ್ಲಿ” ಎಂದರು. ಆದರೆ ತಮ್ಮಲ್ಲಿ ಎಕ್ಸೆಲ್ಲಿಗಿಂತ ದೊಡ್ಡದು ಇಲ್ಲವೇ ಇಲ್ಲವಾದ್ದರಿಂದ, ಎರಡಿಂಚು ಕೂಡಿಸಿ ಬರೆಸಿದ್ದರೂ ಬರುತ್ತಿದ್ದದ್ದು ಅದೇ ಫ್ರೇಮು. ಹೀಗೆ ಕಾಕಾ ಅವರನ್ನು ಪೂರ್ತಿ ದೋಷಮುಕ್ತಗೊಳಿಸಿದ್ದಕ್ಕಾಗಿ ನಮ್ಮ ಮನೆತನ ತಮಗೆ ಋಣಿ.

ಫ್ರೇಮ್ ಬಂತು. ಅಥಣಿಯಲ್ಲಿ ಚಕ್ರ, ಹ್ಯಾಂಡಲ್ ಕೂಡಿಸಿ, ಹಿಂದೆ ಎರಡೂ ಬದಿಗೆ ಬಟ್ಟೆಬರೆಯ ಚೀಲ ಕಟ್ಟಿಕೊಂಡು, ಪರೀಕ್ಷೆಗೆಂದು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೊರಟೆ. ಸೀಟಿನ ಕೊಳವೆಯನ್ನು ‘ಇದಕ್ಕಿಂತ ಮೇಲೆ ಎಳೆಯಬೇಡಿ’ ಎಂಬ ಗೆರೆಯವರೆಗೆ ಎಳೆದರೂ ನಾನು ಬಚ್ಚಲ ಮಣೆಯ ಮೇಲೆ ಕೂತು ತುಳಿದಂತೆಯೇ ಇತ್ತು. ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು, ಕಾಲಬೆರಳು ಮುಂದಿನ ಚಕ್ರಕ್ಕೆ ತಾಗುತ್ತಿತ್ತು, ಹಿಮ್ಮಡಿ ಪ್ರತಿ ಸುತ್ತಿಗೂ ಚೀಲವನ್ನು ಒದೆಯುತ್ತಿತ್ತು. ಗುಡಿಯ ಮುಂದೆ ನಾನು ಕೈಕಾಲು ನಡುಗಿಸುತ್ತ ಬಂದು ನಿಂತದ್ದನ್ನು ಕಂಡ ಇಬ್ಬರು ಹೆಂಗಸರು ನನ್ನ ಮೈಮೇಲೆ ದೇವರು ಬಂದಿದೆಯೆಂದು ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಮಗಳ ಲಗ್ನ ಎಂದಾಗುತ್ತದೆಂದು ಕೇಳಿದರು. ಮಾರ್ಚಿನೊಳಗೆ ಎಂದು ಹೇಳಿ ಪಾರಾದೆ.

ಇದನ್ನೆಲ್ಲ ಬರೆದು ತಿಳಿಸಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರವನ್ನು ನಾನು ಕಟ್ಟು ಹಾಕಿಸಿ ಇಡಬೇಕೆಂದಿದ್ದೇನೆ: ‘ದಯವಿಟ್ಟು ತಮ್ಮ ಎತ್ತರವನ್ನು ಮತ್ತೊಮ್ಮೆ ಪರಿಶೀಲಿಸಿ.’ ಪರಿಶೀಲಿಸಿದೆ. ಅಷ್ಟೇ ಇದೆ. ನಾವು ಯಾರ ದರ್ಶನಕ್ಕೆ ಹೊರಟಿದ್ದೇವೋ ಆ ಬಾಹುಬಲಿ ಸ್ವಾಮಿಯನ್ನು ಕಡೆದ ಶಿಲ್ಪಿಗಳಿಗೆ ತಮ್ಮ ಪಟ್ಟಿ ಸಿಕ್ಕಿರಲಿಲ್ಲವೆಂಬುದು ಈ ನಾಡಿನ ಪುಣ್ಯ.

ಆದ್ದರಿಂದ ತಮ್ಮಲ್ಲಿ ವಿನಂತಿ. ಯಾತ್ರೆ ಮುಗಿಯುವವರೆಗೆ ನನ್ನ ಕಾಲುಗಳ ಹೆಚ್ಚುವರಿ ನಾಲ್ಕಿಂಚನ್ನು ತಮ್ಮ ಗೋದಾಮಿನಲ್ಲಿ ಇರಿಸಿಕೊಂಡು ರಸೀದಿ ಕೊಡಬೇಕು. ಅದು ಆಗದಿದ್ದರೆ, ‘ಮತ್ತು ಮೇಲ್ಪಟ್ಟು’ ಎಂದು ಬರೆದ ಮಹನೀಯರು ಒಂದು ದಿನ ಶೇಡಬಾಳಕ್ಕೆ ಬಂದು, ತ್ರಿಶಲಾಳ ಎದುರು ಕೂತು ಸಕ್ಕರೆಯಿಲ್ಲದ ಚಹಾ ಕುಡಿದು, ಮೇಲ್ಪಟ್ಟು ಅಂದರೆ ಎಲ್ಲಿಯವರೆಗೆ ಎಂಬುದನ್ನು ಆಕೆಗೆ ತಿಳಿಸಿ ಹೇಳಬೇಕು.

ನಾನಂತೂ ಸೋತು, ಹೋದ ವಾರ ಆಕೆಗೆ, ನೀನೊಬ್ಬಳೇ ಹೋಗಿ ಬಾ, ಮಹಾರಾಜರನ್ನು ಕೇಳಿ ನೇಮ ಸಡಿಲಿಸಿಕೊಳ್ಳೋಣ ಎಂದೆ. ಆಕೆ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದಳು; ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ಸೈಕಲ್ ಸಲುವಾಗಿ ನೇಮ ಹಿಡದಿಲ್ರಿ ನಾ, ನಿಮ್ಮ ಜೋಡಿ ಹೋಗೂ ಸಲುವಾಗಿ ಹಿಡದೇನಿ” ಎಂದಳು. ಆಮೇಲೆ ಕಾಕಾ ಅವರನ್ನು ಹೊಲಕ್ಕೆ ಕಳಿಸಿ, ಕಪಾಟಿನಿಂದ ಲಗ್ನದ ಆಲ್ಬಮ್ ತಾನೇ ತೆಗೆದುಕೊಟ್ಟು, ಗೋಡೆಗೆ ನಿಲ್ಲಿಸಿ, ತಾನೇ ಅಳೆದಳು. ಒಂದಿಂಚೂ ಕಳೆಯಲಿಲ್ಲ. ಆ ಅಳತೆ ಈಗ ಉಗಾರದಲ್ಲಿ ಕಬ್ಬಿನ ಟ್ರಾಲಿ ಕಟ್ಟುವ ದಶರಥನ ಬಳಿ ಇದೆ. “ಹತ್ತು ಟನ್ ಕಬ್ಬು ಹೊರೂ ಟ್ರಾಲಿ ಮಾಡ್ತೇನ್ರಿ ಮಾಸ್ತರ, ನಿಮ್ಮ ಎರಡ ಕಾಲು ಹೊರೂದ ಆಗಂಗಿಲ್ಲೇನು?” ಎಂದು ಆತ ನನ್ನ ಹೊಸ ಫ್ರೇಮಿಗೆ ಉಕ್ಕಿನ ಕೊಳವೆ ಕೊಯ್ಯಲು ಶುರು ಮಾಡಿದ್ದಾನೆ. ಸೈಕಲ್ ಭಾರವಾದೀತು, ಏರು ಬಂದಲ್ಲಿ ಇಳಿದು ನೂಕಬೇಕಾದೀತು, ತ್ರಿಶಲಾ ಜೊತೆಗಿರುತ್ತಾಳೆ.

ತಮ್ಮ ಕೊನೆಯ ಸಾಲಿನ ಹೊರಗೆ ಬಾಗಿ ನಿಂತಿರುವ
ತಮ್ಮ ವಿಶ್ವಾಸಿ,
ಅಭಿನಂದನ ಮಗದುಮ್

ತಾಜಾ ಕಲಂ: ದರ್ಶನ ಮುಗಿಸಿ ಬಂದ ಮೇಲೆ ತ್ರಿಶಲಾ ಮೊದಲ ತುತ್ತು ಕುಂದಾ ತಿನ್ನುತ್ತಾಳೆ, ತಮ್ಮ ಕಚೇರಿಗೂ ಒಂದು ಡಬ್ಬಿ ಕಳಿಸುವುದಾಗಿ ಹೇಳಿದ್ದಾಳೆ. ಡಬ್ಬಿಯ ಅಳತೆ ಎಸ್. ಅಷ್ಟೂ ಮಂದಿಗೆ ಸಾಲದು ಎನ್ನಿಸಿದರೆ, ದಯವಿಟ್ಟು ತಮ್ಮ ಬಾಯಿಗಳನ್ನು ಮತ್ತೊಮ್ಮೆ ಪರಿಶೀಲಿಸಿ.