ಸುಟ್ಟ ವಯರಿನ ವಾಸನೆ

ವ್ಯಾನಿನ ಬಾಗಿಲು ತೆರೆದ ಕೂಡಲೇ ಲೂಯಿಸ್ ಸರ್ ಮೂಗಿಗೆ ಸುಟ್ಟ ವಯರಿನ ವಾಸನೆ ಬಡಿಯಿತು. ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

ಅವರು ಕಾಪುವಿನಲ್ಲಿ ನಿವೃತ್ತಿಯ ತನಕ ಭೌತಶಾಸ್ತ್ರ ಕಲಿಸಿದವರು. ಕರಿಹಲಗೆಯ ಮೇಲಿನ ವಿದ್ಯುತ್ತು ಅವರ ಮಾತು ಕೇಳುತ್ತಿತ್ತು. ಗೋಡೆಯೊಳಗಿನದ್ದೂ ಕೇಳುತ್ತದೆಂಬ ನಂಬಿಕೆ ಅವರಿಗಿರಲಿಲ್ಲ. ಮನೆಯಲ್ಲಿ ಫ್ಯೂಸ್ ಹೋದರೆ ಹೆಂಡತಿ ಎಸ್ತರ್ ಹೊಸ ತಂತಿ ಕಟ್ಟುವಳು, ಸರ್ ಅಂಗಳದಲ್ಲಿ ನಿಂತು ಕಿಟಕಿಯ ಮೂಲಕ ಟಾರ್ಚ್ ಹಿಡಿಯುವರು.

ಅದೇ ಮಧ್ಯಾಹ್ನ ಕಾರ್ಕಳದಲ್ಲಿ ಎಸ್ತರಳ ತಂಗಿಯ ಮಗಳ ಮದುವೆಯ ಮುನ್ನಾದಿನದ ರೋಸ್. ಮದುಮಗಳಿಗೆ ತೆಂಗಿನಹಾಲು ಹಚ್ಚುವ ಈ ಶಾಸ್ತ್ರಕ್ಕೆ ಹಿರಿಯ ದೊಡ್ಡಮ್ಮ ಎಸ್ತರಳೇ ಮೊದಲು ಕೈ ಹಚ್ಚಬೇಕು. ಉಳಿದ ತಂಗಿಯರನ್ನು ಕರೆತರಲು ಅವಳು ಬೆಳಿಗ್ಗೆಯೇ ಕೆಮ್ಮಣ್ಣಿಗೆ ಹೋಗಿದ್ದಳು. ಅಷ್ಟು ಮಂದಿ ಹೆಂಗಸರನ್ನು ಕೂರಿಸಿಕೊಂಡು ಹೋಗುವಾಗ ದಾರಿಯಲ್ಲಿ ವ್ಯಾನಿಗೆ ಬೆಂಕಿ ಬಿದ್ದರೆ? ‘ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರ ವ್ಯಾನ್ ಭಸ್ಮ’ ಎಂಬ ತಲೆಬರಹ ಕಣ್ಣಿಗೆ ಕಟ್ಟಿತು.

ಅವರು ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ, ಒಣ ಮಣೆಯ ಮೇಲೆ ನಿಂತು, ದೇವರನ್ನು ನೆನೆದು ಬ್ಯಾಟರಿಯ ವಯರ್ ಕಳಚಿದರು. ಆಮೇಲೆ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದರು. ಹಳೆಯ ವ್ಯಾನ್. ಹಿಂದಿನ ಯಜಮಾನರೆಲ್ಲ ತಮಗೆ ಬೇಕಾದ್ದನ್ನು ಸಿಕ್ಕಿಸಿ ಹೋಗಿದ್ದರು: ಫಾಗ್ ಲ್ಯಾಂಪು, ಸಣ್ಣ ಫ್ಯಾನು, ಹಾಡಿನ ಪೆಟ್ಟಿಗೆ, ಹಿಂದಕ್ಕೆ ತೆಗೆಯುವಾಗ ಕೂಗುವ ಪೀಪಿ. ವಯರುಗಳು ಬಲೆಗೆ ಬಿದ್ದ ಏಡಿಗಳ ಕಾಲುಗಳಂತೆ ಹೆಣೆದುಕೊಂಡಿದ್ದವು. ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ, ಓರಣವಾಗಿ ಕಟ್ಟಿಬಿಡುವುದೆಂದು ಸರ್ ನಿಶ್ಚಯಿಸಿದರು.

“ಎಂತ ಸರ್, ಗಾಡಿಗೆ ಆಪರೇಷನ್ನಾ?” ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ಕರುಣಾಕರನ ತಲೆ ಮೂಡಿತು. ಮಸ್ಕತ್‌ನಲ್ಲಿ ಗೋದಾಮು ನೋಡಿಕೊಂಡು ಬಂದ ಅವನಿಗೆ ಗೊತ್ತಿಲ್ಲದ ವಿಷಯವಿರಲಿಲ್ಲ.

“ವಾಸನೆ ಬರ್ತದೆ ಮಾರಾಯ.”

ಕರುಣಾಕರ ಗೋಡೆ ಹಾರಿ ಬಂದು ಮೂಗೆಳೆದ. “ಪಕ್ಕಾ ವಯರಿನದ್ದೇ. ನನ್ನ ಮೂಗು ಸುಳ್ಳು ಹೇಳುವುದಿಲ್ಲ.”

“ಆದರೆ ಬ್ಯಾಟರಿ ಕಳಚಿದ್ದೇನಲ್ಲ. ಕರೆಂಟೇ ಇಲ್ಲದೆ ಸುಡುವುದು ಹೇಗೆ?”

“ಒಳಗೆ ಉಳಿದದ್ದು ಉಂಟಲ್ವಾ ಸರ್? ನಲ್ಲಿ ಬಂದ್ ಮಾಡಿದ್ರೂ ಪೈಪಿನಲ್ಲಿ ನೀರು ಇರ್ತದೆ.”

ಇದೇ ಉತ್ತರ ಬರೆದ ಹುಡುಗರಿಗೆ ಸರ್ ಸೊನ್ನೆ ಹಾಕಿದ್ದರು. ಆದರೆ ಆ ಹೊತ್ತಿಗೆ ವಾಸನೆ ಇನ್ನೊಮ್ಮೆ ಗಪ್ಪೆಂದು ಬಂತು. ಹೆದರಿದ ಮೂಗಿನ ಮುಂದೆ ವಿಜ್ಞಾನ ನಿಲ್ಲಲಿಲ್ಲ.

“ಯಾವುದು ಸುಡ್ತಿದೆಯೋ ಗೊತ್ತಾಗುವುದಿಲ್ಲ. ಕಟ್ ಮಾಡಿ ಸರ್, ಒಂದೊಂದೇ.”

ಫ್ಯಾನಿನದ್ದು ಹೋಯಿತು. ವಾಸನೆ ಇತ್ತು. ಹಾಡಿನ ಪೆಟ್ಟಿಗೆಯದ್ದು ಹೋಯಿತು. ವಾಸನೆ ಜಾಸ್ತಿಯಾಯಿತು. ಎದುರು ಮನೆಯ ಡೈನಾ ಟೀಚರ್ ನೀರಿನ ಬಕೆಟ್ ಹಿಡಿದು ಓಡಿ ಬಂದರು.

“ನೀರು ಬೇಡ ಟೀಚರ್, ವಿದ್ಯುತ್ತಿಗೆ ನೀರು ಹಾಕಬಾರದು,” ಎಂದರು ಸರ್ ಮಣೆಯ ಮೇಲಿಂದ.

“ಗಾಡಿಗಲ್ಲ ಸರ್, ನಿಮಗೆ. ನಿಮ್ಮ ಮುಖ ನೋಡಿದ್ರೆ ಈಗ ಬೀಳುವವರ ಹಾಗೆ ಉಂಟು.”

ಚೀಟಿ ಅಂಟಿಸುವ ಯೋಚನೆ ಎಂದೋ ಬಿದ್ದುಹೋಗಿತ್ತು. ಕೆಂಪು, ಹಳದಿ, ಕಪ್ಪು, ಕೊನೆಗೆ ದಪ್ಪನೆಯದೊಂದು. ಕತ್ತರಿಸಿದ ತುಂಡುಗಳು ಕಾಲಿಗೆ ತೊಡರಬಾರದೆಂದು ಕರುಣಾಕರ ಅವನ್ನು ಬುಟ್ಟಿಗೆ ತುಂಬಿ ಗೋಡೆಯಾಚೆ ಇಳಿಸುತ್ತಿದ್ದ. ಈಗ ಡ್ಯಾಶ್‌ಬೋರ್ಡಿನ ಅಡಿಭಾಗ ಗುಡಿಸಿದ ಅಂಗಳದಂತೆ ಸ್ವಚ್ಛವಾಗಿತ್ತು.

ವಾಸನೆ ಮಾತ್ರ ಹಾಗೆಯೇ ಇತ್ತು.

ಸರ್ ಮಣೆಯ ಮೇಲೆಯೇ ಕುಸಿದು ಕುಳಿತರು. ಆಗ ಕರುಣಾಕರನ ಹೆಂಡತಿ ಕುಶಲಾ ಮಸಿ ಹತ್ತಿದ ಕೈಯನ್ನು ಗೋಡೆಯ ಮೇಲಿಟ್ಟು ಇಣುಕಿದಳು.

“ಇನ್ನೂ ಉಂಟಾ ಸರ್?”

“ಎಂತದ್ದು?”

“ವಯರು. ನಮ್ಮ ಮನೆಯ ಹಳೆ ವಯರಿಂಗ್ ತೆಗೆಸಿದ್ದೆವಲ್ಲ, ಬೆಳಿಗ್ಗೆಯಿಂದ ಅದನ್ನು ಬಚ್ಚಲಿನ ಒಲೆಗೆ ಹಾಕ್ತಾ ಇದ್ದೇನೆ. ಪ್ಲಾಸ್ಟಿಕ್ ಸುಟ್ಟು ಹೋಗಿ ತಾಮ್ರ ಚೊಕ್ಕ ಸಿಗ್ತದೆ, ನೀರೂ ಕಾಯ್ತದೆ.”

ಡೈನಾ ಟೀಚರ್ ಬಕೆಟ್ಟನ್ನು ಮೆಲ್ಲನೆ ಕೆಳಗಿಟ್ಟರು.

“ನಾನು ಹೇಳ್ಲಿಲ್ವಾ,” ಎಂದ ಕರುಣಾಕರ ಹೆಮ್ಮೆಯಿಂದ, “ಪಕ್ಕಾ ವಯರಿನದ್ದೇ ಅಂತ.”

ಗೇಟಿನ ಬಳಿ ರಿಕ್ಷಾ ನಿಂತಿತು. ರೇಷ್ಮೆ ಸೀರೆ ಉಟ್ಟ ಎಸ್ತರ್ ಇಳಿದಳು, ಹಿಂದಿನಿಂದ ಅವಳ ತಂಗಿಯರು. ರಿಕ್ಷಾ ಹೊರಟುಹೋಯಿತು.

“ಹೊರಡುವಾ. ನಾನು ಮುಟ್ಟದೆ ಅಲ್ಲಿ ರೋಸ್ ಶುರುವಾಗುವುದಿಲ್ಲ.”

ಸರ್ ಬ್ಯಾಟರಿಯ ವಯರ್ ಮತ್ತೆ ಜೋಡಿಸಿ ಕೀಲಿ ತಿರುಗಿಸಿದರು. ವ್ಯಾನ್ ಕೆಮ್ಮಲೂ ಇಲ್ಲ. ಎಸ್ತರ್ ಬಗ್ಗಿ ಡ್ಯಾಶ್‌ಬೋರ್ಡಿನ ಅಡಿಯನ್ನು ನೋಡಿದಳು, ಆಮೇಲೆ ಗಂಡನ ಮುಖವನ್ನು. ವಿದ್ಯುತ್ತಿಗೆ ಹೆದರಿದ್ದು ಏನೂ ಅಲ್ಲವೆಂದು ಸರ್‌ಗೆ ಆಗ ಅನಿಸಿತು.

“ಸೆರಗು ಕಟ್ಟಿದ್ರೆ ನಾನೇ ಜೋಡಿಸ್ತೇನೆ,” ಎಂದಳು ಅವಳು ತಣ್ಣಗೆ. “ತೆಗೆದ ವಯರು ಎಲ್ಲಿ ಉಂಟು, ಕೊಡಿ.”

“ಅಯ್ಯೋ ಎಸ್ತರಕ್ಕಾ,” ಎಂದಳು ಕುಶಲಾ ಗೋಡೆಯಾಚೆಯಿಂದ.

ಬಚ್ಚಲಿನ ಹಂಚಿನ ಮೇಲಿಂದ ಕಪ್ಪು ಹೊಗೆ ಏಳುತ್ತಿತ್ತು. ವಾಸನೆ ಮತ್ತೆ ಬಂತು. ಈ ಸಲ ಸುಡುತ್ತಿದ್ದುದು ನಿಜಕ್ಕೂ ಲೂಯಿಸ್ ಸರ್ ವ್ಯಾನಿನ ವಯರೇ.